ಮೂರು ಹತ್ತರ ಲೈನ್ ಕ್ಲಿಯರ್

ರಿಜಿಸ್ಟರ್‌ನಲ್ಲಿದ್ದ ಆ ಅಕ್ಷರ ನನ್ನದೇ ಎಂದು ಗುರುತಿಸಲು ಒಂದು ಕ್ಷಣ ಸಾಕಾಯಿತು. ಒಪ್ಪಿಕೊಳ್ಳಲು ಎರಡು ತಿಂಗಳು ಹಿಡಿಯಿತು. ನಡುವೆ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ಕ್ರಮ ತಪ್ಪಿದರೆ ನನಗೆ ಊಟ ಸೇರುವುದಿಲ್ಲ, ಅದು ನನ್ನ ಹುಟ್ಟುಗುಣ.

ಗುಂಡ್ಲುಪೇಟೆಯಿಂದ ಬೇಗೂರಿಗೆ ಹೋಗುವ ಹೆದ್ದಾರಿಯಿಂದ ಸ್ವಲ್ಪ ಒಳಗೆ, ಹೊಲಗಳ ನಡುವೆ ಒಂದು ಚಿಕ್ಕ ವಿದ್ಯುತ್ ಸಬ್ ಸ್ಟೇಷನ್. ಊರಿನ ಹೆಸರು ಬೇಡ. ಜಲ್ಲಿಕಲ್ಲು ಹಾಸಿದ ಅಂಗಳ, ಅದರ ನಡುವೆ ಟ್ರಾನ್ಸ್‌ಫಾರ್ಮರ್, ಪಕ್ಕದಲ್ಲಿ ಒಂದು ಕೋಣೆ. ಆ ಕೋಣೆಯಲ್ಲಿ ಬೀರುಗಳ ಹಾಗೆ ಸಾಲಾಗಿ ನಿಂತ ಐದು ಪ್ಯಾನೆಲ್‌ಗಳು. ಒಂದೊಂದು ಪ್ಯಾನೆಲ್ಲಿನಿಂದ ಒಂದೊಂದು ಫೀಡರ್, ಅಂದರೆ ಹಳ್ಳಿಗಳಿಗೆ ಹೋಗುವ ಒಂದೊಂದು ಲೈನು. ನಾನು ಹಗಲು ಪಾಳಿಯ ಆಪರೇಟರ್. ಪಾಳಿಗೆ ಒಬ್ಬರೇ. ಗಂಟೆಗೊಮ್ಮೆ ಎದ್ದು ಪ್ರತಿ ಫೀಡರಿನ ಆಂಪ್ಸ್, ವೋಲ್ಟೇಜು, ಟ್ರಾನ್ಸ್‌ಫಾರ್ಮರ್ ಎಣ್ಣೆಯ ಬಿಸಿ ನೋಡಿ ಲಾಗ್‌ಶೀಟಿನಲ್ಲಿ ಬರೆಯಬೇಕು. ಕೆಲವರು ಸಂಜೆ ಕುಳಿತು ಎಂಟು ಗಂಟೆಯದನ್ನೂ ಒಂದೇ ಸಲ ತುಂಬಿಬಿಡುತ್ತಾರೆ. ನಾನು ಹಾಗೆ ಮಾಡಿದವಳಲ್ಲ. ಹಸಿರು ಇಂಕಿನ ನನ್ನ ಪೆನ್ನು, ನನ್ನ ದುಂಡು ಅಕ್ಷರ, ಒಂದೂ ಖಾಲಿ ಬಿಡದ ನನ್ನ ಕಾಲಂಗಳು ಇಡೀ ಸೆಕ್ಷನ್ನಿಗೆ ಗೊತ್ತು. ಅದರ ಬಗ್ಗೆ ನನಗೆ ಜಂಬವೂ ಇತ್ತು.

ಈ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡದು ಎಲ್.ಸಿ., ಲೈನ್ ಕ್ಲಿಯರ್. ಲೈನ್‌ಮನ್ ಕಂಬ ಹತ್ತುವ ಮೊದಲು ಸ್ಟೇಷನ್ನಿಗೆ ಫೋನ್ ಮಾಡಿ ಇಂಥ ಫೀಡರ್ ಬೇಕು ಎನ್ನುತ್ತಾನೆ. ನಾವು ಆ ಪ್ಯಾನೆಲ್ಲಿನ ಹಿಡಿ ತಿರುಗಿಸಿ ಬ್ರೇಕರ್ ತೆರೆಯುತ್ತೇವೆ. ಕೆಂಪು ದೀಪ ಆರಿ ಹಸಿರು ಹತ್ತುತ್ತದೆ, ಲೈನು ಸತ್ತಿತು ಎಂದರ್ಥ. ಆಮೇಲೆ ಬ್ರೇಕರನ್ನು ಅದರ ಟ್ರಾಲಿಯ ಸಮೇತ ಹೊರಗೆಳೆದು, ಹಿಡಿಗೆ 'ಲೈನಿನಲ್ಲಿ ಜನರಿದ್ದಾರೆ' ಎಂಬ ತಗಡಿನ ಬೋರ್ಡು ತಗುಲಿಸಿ, ರಿಜಿಸ್ಟರ್‌ನಲ್ಲಿ ಬರೆದು, ಅವನಿಗೆ ಒಂದು ನಂಬರ್ ಕೊಡುತ್ತೇವೆ. ಕೆಲಸ ಮುಗಿಸಿ, ಕೆಳಗಿಳಿದು, ಅದೇ ನಂಬರ್ ಹೇಳಿ ಅವನು ಲೈನ್ ವಾಪಸ್ ಕೊಡಬೇಕು. ತೆಗೆದುಕೊಂಡವನೇ ಕೊಡಬೇಕು. ಅವನ ಹೆಂಡತಿ ಹೇಳಿದರೂ ಇಲ್ಲ, ಮಂತ್ರಿ ಹೇಳಿದರೂ ಇಲ್ಲ.

ಆ ಬೇಸಿಗೆಯಲ್ಲಿ ನಮ್ಮ ಹಿರಿಯ ಲೈನ್‌ಮನ್ ಮೂರು ಹತ್ತಕ್ಕೆ ಎಫ್ ನಾಲ್ಕರ, ಅಂದರೆ ನಾಲ್ಕನೇ ಫೀಡರಿನ ಮೇಲೆ ಎಲ್.ಸಿ. ತೆಗೆದುಕೊಂಡ. ನಂಬರ್ ನಲವತ್ತೇಳು. ನಾನು ಬ್ರೇಕರ್ ತೆರೆದು, ಟ್ರಾಲಿ ಎಳೆದು, ಬೋರ್ಡು ಹಾಕಿ ಎಲ್ಲವನ್ನೂ ಸರಿಯಾಗಿಯೇ ಮಾಡಿದೆ. ಆ ಲೈನಿನ ಒಂದು ಕೋಳಿ ಫಾರಂನವರು ಕರೆಂಟು ಹೋದ ತಕ್ಷಣ ಜನರೇಟರ್ ಹಾಕಿದರು. ಅದರ ವೈರಿಂಗ್ ಸರಿ ಇರಲಿಲ್ಲ. ಕರೆಂಟು ಹಿಂದುಹಿಂದಕ್ಕೆ ಹರಿದು ಅವನಿದ್ದ ಕಂಬಕ್ಕೆ ಬಂತು. ಕಂಬದ ಬಳಿ ಲೈನಿಗೆ ಅರ್ಥಿಂಗ್ ಚೈನು ಹಾಕಿದ್ದರೆ ಅದು ನೆಲಕ್ಕಿಳಿದು ಹೋಗುತ್ತಿತ್ತು. ಅವನು ಅಂದು ಚೈನು ಹಾಕಿರಲಿಲ್ಲ. ನಲವತ್ತೇಳನ್ನು ವಾಪಸ್ ಕೊಡಲು ಅವನು ಫೋನ್ ಮಾಡಲೇ ಇಲ್ಲ.

ವಿಚಾರಣೆಯವರು ರಿಜಿಸ್ಟರ್ ತೆಗೆದುಕೊಂಡು ಹೋದರು. ಆಪರೇಟರ್ ಕಡೆಯಿಂದ ಲೋಪವಿಲ್ಲ ಎಂದು ಬರೆದರು. ನಮ್ಮ ಜೂನಿಯರ್ ಇಂಜಿನಿಯರ್, ಜೆ.ಇ. ಸಾಹೇಬರು, ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ ತಪ್ಪೇನೂ ಇಲ್ಲಮ್ಮ, ಧೈರ್ಯವಾಗಿರಿ" ಎಂದರು. ನಾನು ಧೈರ್ಯವಾಗಿಯೇ ಇದ್ದೆ. ಸಾವಿನ ಮನೆಗೆ ಹೋಗಿ ಬಂದು ಮೂರನೇ ದಿನ ಪಾಳಿಗೆ ಹಾಜರಾದೆ. ಹೊಸ ರಿಜಿಸ್ಟರ್ ಬಂದಿತ್ತು. ಅದಕ್ಕೆ ಕಂದು ಕಾಗದದ ಹೊದಿಕೆ ಹಾಕಿ, ಗೆರೆ ಎಳೆದು, ಒಂದನೇ ನಂಬರಿನಿಂದ ಶುರು ಮಾಡಿದೆ. ಅಳು ಬರಲಿಲ್ಲ. ಗಟ್ಟಿಗಿತ್ತಿ ಎಂದು ನೆಂಟರೆಲ್ಲ ಹೊಗಳಿದರು, ನಾನೂ ನಂಬಿದೆ.

ಚೆಂಡುಹೂವು ಕುಯ್ಯುವ ಕಾಲಕ್ಕೆ ಮೊದಲ ಸಲ ಎಫ್ ನಾಲ್ಕು ತಾನಾಗಿ ಬಿತ್ತು, ಅಂದರೆ ಬ್ರೇಕರ್ ತೆರೆದುಕೊಂಡು ಲೈನು ಸತ್ತಿತು.

ಒಬ್ಬ ರೈತ ಫೋನ್ ಮಾಡಿದ ಮೇಲೇ ನನಗೆ ಗೊತ್ತಾದದ್ದು. "ಏನವ್ವಾ, ಮೋಟ್ರು ನಿಂತೋಗಿ ಕಾಲ್ ಗಂಟೆ ಆಯ್ತು. ಮಲ್ಗಿದ್ದೀಯಾ ಎಂಗೆ?"

ತಿರುಗಿ ನೋಡಿದರೆ ಎಫ್ ನಾಲ್ಕರ ಹಸಿರು ದೀಪ ಹತ್ತಿತ್ತು. ನಾನು ಅದರಿಂದ ಆರಡಿ ದೂರದಲ್ಲಿ ಕುಳಿತಿದ್ದೆ. ಬ್ರೇಕರ್ ಬೀಳುವಾಗ ಪಕ್ಕದ ಹೊಲಕ್ಕೆ ಕೇಳುವ ಹಾಗೆ ಧಡ್ ಎನ್ನುತ್ತದೆ. ನನಗೆ ಕೇಳಿರಲಿಲ್ಲ. ಲೈನಿನಲ್ಲಿ ದೋಷವಿದ್ದು ಬ್ರೇಕರ್ ಬಿದ್ದರೆ ಪ್ಯಾನೆಲ್ಲಿನ ಮೇಲೆ ಸೂಚನೆಯ ಚಿಕ್ಕ ಫ್ಲ್ಯಾಗೂ ಬೀಳಬೇಕು. ಅದು ಬಿದ್ದಿರಲಿಲ್ಲ. ಮತ್ತೆ ಚಾರ್ಜ್ ಮಾಡಿ, ಅಂದರೆ ಬ್ರೇಕರ್ ಮುಚ್ಚಿ ಲೈನಿಗೆ ಜೀವ ಕೊಟ್ಟು, ಲಾಗ್‌ಶೀಟಿನಲ್ಲಿ 'ಕಾರಣ ತಿಳಿದಿಲ್ಲ' ಎಂದು ಬರೆದೆ. ಹಾಗೆ ಬರೆಯುವುದು ನನಗೆ ನಾಚಿಕೆಯ ವಿಷಯ.

ನಾಲ್ಕು ದಿನ ಬಿಟ್ಟು ಮತ್ತೆ ಬಿತ್ತು. ಆಮೇಲೆ ಎರಡು ದಿನಕ್ಕೆ ಇನ್ನೊಮ್ಮೆ. ಮೀಟರಿನ ಮೆಮೊರಿಯಿಂದ ವೇಳೆ ತೆಗೆದರೆ ಮೂರು ಸಲವೂ ಮೂರು ಹತ್ತು, ಮೂರು ಹನ್ನೊಂದು. ಜೆ.ಇ. ಟೆಸ್ಟಿಂಗ್‌ನವರನ್ನು ಕರೆಸಿದರು. ಅವರು ಬ್ರೇಕರ್ ಬೀಳಿಸುವ ಟ್ರಿಪ್ ಕಾಯಿಲ್ ಬಿಚ್ಚಿ ನೋಡಿದರು, ಬ್ಯಾಟರಿ ಅಳೆದರು, ವೈರುಗಳನ್ನು ಒಂದೊಂದಾಗಿ ಎಳೆದು ನೋಡಿದರು. ಎಲ್ಲ ಸರಿ ಇತ್ತು.

"ಮಿಷನ್ನಲ್ಲೇನೂ ಇಲ್ಲ ಮೇಡಂ. ಯಾರೋ ಕೈಲಿ ತೆಗ್ದಂಗದೆ" ಎಂದು ಅವರಲ್ಲೊಬ್ಬ ಸ್ಕ್ರೂ ಡ್ರೈವರ್ ಒರೆಸುತ್ತ ಹೇಳಿದ.

"ಇಲ್ಲಿ ನಾನೊಬ್ಬಳೇ ಇರೋದು" ಎಂದೆ.

ಅವನು ಸ್ಕ್ರೂ ಡ್ರೈವರನ್ನು ಚೀಲಕ್ಕೆ ಹಾಕಿದ. ಹೋಗುವಾಗ ಬಾಗಿಲಲ್ಲಿ ನಿಂತು ಎಫ್ ನಾಲ್ಕರ ಕಡೆ ಒಮ್ಮೆ ಕೈಮುಗಿದ. ಮೈಯೆಲ್ಲ ಉರಿದುಹೋಯಿತು. ಕರೆಂಟಿನವರೇ ದೆವ್ವ ಎಂದರೆ ಊರಿನವರು ಏನೆನ್ನಬೇಕು?

ಮರುದಿನ ಒಂದು ಮಾಮೂಲಿ ಎಲ್.ಸಿ. ಬರೆಯಲು ರಿಜಿಸ್ಟರ್ ತೆರೆದೆ. ಹನ್ನೆರಡನೇ ನಂಬರಿನ ಕೆಳಗಿನ ಸಾಲು ಖಾಲಿ ಇರಬೇಕಿತ್ತು. ಅಲ್ಲಿ ಹಸಿರು ಇಂಕಿನಲ್ಲಿ, ದುಂಡು ಅಕ್ಷರದಲ್ಲಿ ನಂಬರ್ ನಲವತ್ತೇಳು ಎಂದಿತ್ತು. ಫೀಡರ್ ಎಫ್ ನಾಲ್ಕು. ವೇಳೆ ಮೂರು ಹತ್ತು. ತೆಗೆದುಕೊಂಡವರ ಕಾಲಂನಲ್ಲಿ ಸತ್ತವನ ಹೆಸರು. ವಾಪಸ್ ಕಾಲಂ ಖಾಲಿ. ಷರಾ ಎಂಬ ಕೊನೆಯ ಕಾಲಂನಲ್ಲಿ ಒಂದೇ ಪದ: 'ಕಾಯ್ತಾವ್ನೆ.'

ರಿಜಿಸ್ಟರ್‌ನಲ್ಲಿ ಯಾರೂ ಆಡುಮಾತು ಬರೆಯುವುದಿಲ್ಲ, ನಾನಂತೂ ಇಲ್ಲವೇ ಇಲ್ಲ. ಆದರೆ 'ಕಾ'ದ ದೀರ್ಘದ ಬಾಲವನ್ನು ಆ ರೀತಿ ಒಳಕ್ಕೆ ಸುತ್ತುವವಳು ನಾನೊಬ್ಬಳೇ.

ಬೆನ್ನ ಹಿಂದೆ ಏನೋ ಅಲುಗಿದಂತಾಯಿತು. ಎಫ್ ನಾಲ್ಕರ ಹಿಡಿಯಲ್ಲಿ ತಗಡಿನ ಬೋರ್ಡು ತೂಗುತ್ತಿತ್ತು. ಕಿಟಕಿ ಮುಚ್ಚಿತ್ತು, ಫ್ಯಾನು ನಿಂತಿತ್ತು. ಹೊರಗೆ ಜಲ್ಲಿಯ ಮೇಲೆ ನವಿಲೊಂದು ಒಣಬಿಸಿಲಿನಲ್ಲಿ ನಿಂತು ಒಳಗೇ ನೋಡುತ್ತಿತ್ತು. ಬೋರ್ಡು ಎರಡು ಸಲ ಆಚೀಚೆ ಆಡಿ ನಿಂತಿತು. ಅದನ್ನು ಯಾವಾಗ ಹಾಕಿದೆ, ಹಾಕಿದ್ದು ನಾನೇನಾ ಎಂಬುದು ಇಂದಿಗೂ ನೆನಪಿಲ್ಲ.

ನನ್ನ ಮೊದಲ ಅನುಮಾನ ರಾತ್ರಿ ಪಾಳಿಯವನ ಮೇಲೆ. ನಾನು ಅತ್ತಿತ್ತ ಹೋದಾಗ ಒಳಗೆ ನುಗ್ಗಿ ಹಿಡಿ ತಿರುಗಿಸಿ, ನನ್ನ ಅಕ್ಷರ ನಕಲು ಮಾಡಿ ಆಟ ಆಡಿಸುತ್ತಿದ್ದಾನೆ ಎಂದುಕೊಂಡೆ. ಅವನಿಗೂ ನನಗೂ ಒಂದು ಬೀಗದ ಕೈ ವಿಷಯಕ್ಕೆ ಜಟಾಪಟಿ ಆಗಿತ್ತು. ಕಳ್ಳನನ್ನು ಹಿಡಿಯಲು ಮನೆಯಿಂದ ಅರಿಸಿನದ ಪುಡಿ ತಂದೆ. ನಮ್ಮ ತವರು ಚಂದಕವಾಡಿ ಕಡೆ, ತಮ್ಮನ ಹೊಲದ ಅರಿಸಿನ. ಒಮ್ಮೆ ಕೈಗೆ ಹತ್ತಿದರೆ ಎರಡು ದಿನ ಸೋಪು ತಿಕ್ಕಿದರೂ ಹೋಗುವುದಿಲ್ಲ. ಎಣ್ಣೆಯಲ್ಲಿ ಕಲಸಿ, ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು, ಎಫ್ ನಾಲ್ಕರ ಹಿಡಿಯ ಹಿಂಬದಿಗೆ ಕಾಣದ ಹಾಗೆ ಸವರಿದೆ. ಕವರ್ ಎಸೆದು ಕೈ ನೋಡಿಕೊಂಡೆ. ಎರಡು ಕೈಯೂ ಸ್ವಚ್ಛವಾಗಿದ್ದವು.

ಆ ದಿನವೂ ಮೂರು ಹತ್ತಕ್ಕೆ ಫೀಡರ್ ಬಿತ್ತು. ಕೋಲಿನ ತುದಿಯಿಂದ ಹಿಡಿ ತಿರುಗಿಸಿ ಚಾರ್ಜ್ ಮಾಡಿದೆ, ಮುಟ್ಟಲಿಲ್ಲ. ಪಾಳಿ ಮುಗಿಸಿ, ನಾಳೆ ಯಾರ ಕೈ ಹಳದಿಯಾಗಿರುತ್ತದೋ ನೋಡೇಬಿಡೋಣ ಎಂಬ ಗೆಲುವಿನಲ್ಲಿ ಬಸ್ಸು ಹತ್ತಿದೆ. ಉಚಿತ ಟಿಕೆಟ್ಟಿಗೆ ಆಧಾರ್ ಕಾರ್ಡು ಚಾಚಿದೆ. ಕಂಡಕ್ಟರ್ ಕಾರ್ಡು ನೋಡಲಿಲ್ಲ, ಕೈ ನೋಡಿದ.

"ಏನಕ್ಕಾ, ಅರಿಸ್ನ ಕುಟ್ಟಕ್ ಓಗಿದ್ರಾ?"

ಬಲಗೈಯ ಅಂಗೈ ಪೂರ್ತಿ ಹಳದಿಯಾಗಿತ್ತು. ನಾಲ್ಕು ಬೆರಳಿನ ಒಳಗೂ, ಹಿಡಿಯನ್ನು ಬಿಗಿಯಾಗಿ ಹಿಡಿದು ತಿರುಗಿಸಿದರೆ ಎಲ್ಲಿ ಹತ್ತುತ್ತದೋ ಸರಿಯಾಗಿ ಅಲ್ಲೇ.

ಬಸ್ಸಿನಲ್ಲಿ ಜನ ತುಂಬಿದ್ದರು. ಪಕ್ಕದಲ್ಲಿ ಒಬ್ಬಾಕೆ ಮಡಿಲಲ್ಲಿ ಹೂವಿನ ಚೀಲ ಇಟ್ಟುಕೊಂಡು ತೂಕಡಿಸುತ್ತಿದ್ದಳು. ನಾನು ಆ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡೆ. ಗುಂಡ್ಲುಪೇಟೆ ಬರುವವರೆಗೆ ಅದು ನನ್ನ ಮೈಗೆ ಸೇರಿದ್ದು ಅನ್ನಿಸಲಿಲ್ಲ. ಯಾರದೋ ಕೈಯನ್ನು ಮನೆಗೆ ಒಯ್ಯುತ್ತಿದ್ದೆ.

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಿಬಿಡಬೇಕು. ಅಂದೇ ಜೆ.ಇ.ಗೆ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಕೆಲಸ ಹೋದೀತು ಎಂಬ ಹೆದರಿಕೆ ಒಂದು ಕಡೆ. ಗಟ್ಟಿಗಿತ್ತಿ ಎಂಬ ಹೆಸರು ಹೋದೀತು ಎಂಬುದು ಅದಕ್ಕಿಂತ ದೊಡ್ಡ ಹೆದರಿಕೆ. ಗಂಡ ಕೇಳಿದ್ದಕ್ಕೆ ಅರಿಸಿನದ ಡಬ್ಬಿ ಬಿತ್ತು ಎಂದೆ. ಮೊಬೈಲಿನಲ್ಲಿ ಮೂರಕ್ಕೆ ಅಲಾರಂ ಇಟ್ಟೆ. ಅದು ಬಡಿದ ತಕ್ಷಣ ಹೊರಗೆ ಹೋಗಿ ಅಂಗಳದಲ್ಲಿ ಸುತ್ತು ಹಾಕುವುದು, ಮೂರೂಕಾಲಿಗೆ ಒಳಗೆ ಬರುವುದು. ಹತ್ತು ದಿನ ಫೀಡರ್ ಬೀಳಲಿಲ್ಲ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಹನ್ನೊಂದನೇ ದಿನ ಎರಡೂವರೆಗೆ ಫೋನ್ ಬಂತು. ಸತ್ತವನ ಜೊತೆಗಾರ, ಅಂದು ಅದೇ ಕಂಬದ ಕೆಳಗೆ ನಿಂತಿದ್ದವನು.

"ಅಕ್ಕಾ, ಎಫ್ ನಾಕು ಕೊಡಿ. ಜಂಪರ್ ತಂತಿ ಕಟ್ಟಾಗದೆ. ಅರ್ಧ ಗಂಟೆ ಕೆಲ್ಸ."

ಬ್ರೇಕರ್ ತೆರೆದೆ. ಬೋರ್ಡು ಹಾಕಿದೆ. ಟ್ರಾಲಿ ಎಳೆಯಲಿಲ್ಲ. ಅದು ಭಾರ, ಮತ್ತೆ ಒಳಗೆ ತಳ್ಳುವಾಗ ಸೊಂಟ ಹಿಡಿಯುತ್ತದೆ. ಅರ್ಧ ಗಂಟೆಯ ಕೆಲಸಕ್ಕೆ ಬೋರ್ಡು ಸಾಕು ಎಂಬುದು ನಮ್ಮಲ್ಲಿ ಬಾಯಿಮಾತಿನ ಕಾನೂನು. ಟ್ರಾಲಿ ಹೊರಗಿಲ್ಲದಿದ್ದರೆ ಹಿಡಿ ತಿರುಗಿಸಿದ ಕೂಡಲೇ ಲೈನು ಬದುಕುತ್ತದೆ. ನಂಬರ್ ಕೊಟ್ಟೆ. ಅವನು ಕಂಬ ಹತ್ತಿದ. ಅಲಾರಂ ಇಟ್ಟ ಮೊಬೈಲು ಚಾರ್ಜಿಲ್ಲದೆ ಚೀಲದೊಳಗೆ ಸತ್ತು ಬಿದ್ದಿತ್ತು, ನಾನು ನೋಡಿರಲಿಲ್ಲ.

ಮೂರು ಗಂಟೆಗೆ ಬೇರೆರಡು ಪಂಪ್‌ಸೆಟ್ ಫೀಡರುಗಳಿಗೆ ಕರೆಂಟು ಕೊಡುವ ಪಾಳಿ ಮುಗಿಯುತ್ತದೆ. ಅವನ್ನು ನಿಲ್ಲಿಸಿದೆ. ಭಾರ ಇಳಿಯಿತು, ಅಂಗಳದ ಟ್ರಾನ್ಸ್‌ಫಾರ್ಮರಿನ ಗುಂಯ್ ಸದ್ದು ಒಂದು ಮಟ್ಟ ತಗ್ಗಿತು. ಆ ತಗ್ಗಿದ ಸದ್ದು ಕಿವಿಗೆ ಬಿದ್ದದ್ದು ನೆನಪಿದೆ. ಅದರಾಚೆಗೆ ಏನೂ ನೆನಪಿಲ್ಲ.

ಮಣಿಕಟ್ಟು ಚುರುಗುಟ್ಟಿತು. ನೋಡಿದರೆ ನಾನು ಎಫ್ ನಾಲ್ಕರ ಮುಂದೆ ನಿಂತಿದ್ದೆ. ಬೋರ್ಡು ನನ್ನ ಎಡಗೈಯಲ್ಲಿತ್ತು. ಅದನ್ನು ಹಿಡಿಯಿಂದ ಬಿಡಿಸುವಾಗ ತಂತಿಯ ಕೊಕ್ಕೆ ಬಳೆಗೆ ಸಿಕ್ಕಿ, ಎರಡು ಗಾಜಿನ ಬಳೆ ಒಡೆದು, ಚೂರು ಚರ್ಮಕ್ಕೆ ಹೊಕ್ಕಿತ್ತು. ಬಲಗೈ ಹಿಡಿಯ ಮೇಲಿತ್ತು. ಹಿಡಿ ಅರ್ಧ ತಿರುಗಿತ್ತು, ಚಾರ್ಜ್ ಆಗುವ ಕಡೆಗೆ.

ಗೋಡೆ ಗಡಿಯಾರದಲ್ಲಿ ಮೂರು ಹತ್ತು. ರಿಜಿಸ್ಟರ್ ತೆರೆದಿತ್ತು. ಹೊಸ ಸಾಲಿನಲ್ಲಿ ನಲವತ್ತೇಳು ಎಂದು ಬರೆದಾಗಿತ್ತು, ಇಂಕು ಹಸಿಯಾಗಿತ್ತು.

ಇಷ್ಟು ದಿನ ಆ ಕೈ ತೆರೆಯುತ್ತಿತ್ತು ಅಷ್ಟೇ. ತೆರೆಯುವ ಕೈ ಮುಚ್ಚಲೂಬಹುದು ಎಂಬ ಸಣ್ಣ ಮಾತು ನನಗೆ ಹೊಳೆದಿರಲೇ ಇಲ್ಲ. ಬೆರಳುಗಳನ್ನು ಒಂದೊಂದಾಗಿ ಹಿಡಿಯಿಂದ ಬಿಡಿಸಿದೆ. ಟ್ರಾಲಿಯನ್ನು ಹೊರಗೆಳೆದೆ. ಸೊಂಟ ನೋಯಲಿಲ್ಲ, ನೋಯುವಷ್ಟು ಪುರುಸೊತ್ತಿರಲಿಲ್ಲ. ಬೋರ್ಡು ವಾಪಸ್ ಹಾಕಿದೆ. ಆಮೇಲೆ ನೆಲಕ್ಕೆ ಕುಳಿತು ಸ್ಟೇಷನ್ನಿನ ಫೋನೆತ್ತಿದೆ. ಜೊತೆಗಾರನಿಗೆ ಕೆಳಗಿಳಿ ಎಂದು ಮಾತ್ರ ಹೇಳಿ, ಜೆ.ಇ.ಗೆ ಎಲ್ಲವನ್ನೂ ಹೇಳಿದೆ. ಅರಿಸಿನದಿಂದ ಬಳೆಯವರೆಗೆ.

"ಏನೂ ಮುಟ್ಬೇಡಿ. ಬಂದೆ" ಎಂದರು.

ಅವರು ಬರುವಷ್ಟರಲ್ಲಿ ಲಾಗ್‌ಶೀಟಿನಲ್ಲಿ ಬರೆದೆ: 'ಲೈನಿನಲ್ಲಿ ಜನರಿದ್ದಾಗ ಎಫ್ ನಾಲ್ಕನ್ನು ಚಾರ್ಜ್ ಮಾಡಲು ಹೋದೆ. ನನಗೆ ಅರಿವಿರಲಿಲ್ಲ. ಹಿಂದೆ ಕಾರಣ ತಿಳಿದಿಲ್ಲ ಎಂದು ಬರೆದ ಎಲ್ಲ ಸಲವೂ ಕಾರಣ ನಾನು.' ಅಕ್ಷರ ಕೆಟ್ಟಿತು. ಆ ಸಾಲನ್ನು ಬರೆಯದೆ ಇರಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬರೆದ ಮೇಲೆ ಹಾಳೆ ಹರಿದು ಹಾಕಲಾಗುವುದಿಲ್ಲ, ಪುಟಕ್ಕೆ ನಂಬರ್ ಇರುತ್ತದೆ. ಅದಕ್ಕೇ ಬರೆದೆ.

ಜೆ.ಇ. ಬೈದರು. ಟ್ರಾಲಿ ವಿಷಯಕ್ಕೆ ತುಂಬ ಬೈದರು, ಬೈಯಬೇಕಾದದ್ದೇ. ಆಮೇಲೆ ಬಳೆಯ ಚೂರು ತೆಗೆಯಲು ತಮ್ಮ ಗಾಡಿಯಿಂದ ಚಿಮುಟ ತಂದುಕೊಟ್ಟರು. ನನ್ನನ್ನು ಗುಂಡ್ಲುಪೇಟೆಯ ಆಫೀಸಿನಲ್ಲಿ ದೂರು ಬರೆದುಕೊಳ್ಳುವ ಮೇಜಿಗೆ ಹಾಕಿ, ವಾರಕ್ಕೊಮ್ಮೆ ಚಾಮರಾಜನಗರದ ಆಸ್ಪತ್ರೆಯ ಆಪ್ತ ಸಮಾಲೋಚಕಿಯ ಬಳಿ ಹೋಗಬೇಕು, ಅವರು ಬರೆದುಕೊಟ್ಟ ಮೇಲೇ ಪ್ಯಾನೆಲ್ ಎಂದರು.

ಆ ಸಮಾಲೋಚಕಿ ನನಗಿಂತ ಚಿಕ್ಕವಳು. ಕನ್ನಡಕ, ಹತ್ತಿ ಸೀರೆ, ನಗುವಾಗ ಬಾಯಿಗೆ ಕೈ ಅಡ್ಡ. ಇವಳೇನು ನನ್ನನ್ನು ರಿಪೇರಿ ಮಾಡುವುದು ಎಂದು ಕುಳಿತೆ. ಆಸ್ಪತ್ರೆಯ ವೈದ್ಯರೂ ನೋಡಿದರು, ತಲೆಯ ಪರೀಕ್ಷೆ ಮಾಡಿಸಿದರು, ಅಪಸ್ಮಾರದಂಥದ್ದು ಏನೂ ಇಲ್ಲ ಎಂದರು. ಆಕೆ ಮಾತ್ರ ಒಂದೇ ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ಕೇಳುತ್ತಿದ್ದಳು.

"ಮೂರು ಗಂಟೆ ಹೊತ್ತಿಗೆ ನಿಮಗೆ ಏನಾಗುತ್ತೆ?"

"ಏನೂ ಆಗಲ್ಲ."

"ಮೂರು ಗಂಟೆಗೆ ಎಫ್ ನಾಲ್ಕರಲ್ಲಿ ಎಷ್ಟಿರುತ್ತೆ?"

"ನೂರಾ ನಲವತ್ತೆರಡು ಆಂಪ್ಸ್. ಮೋಡ ಇದ್ರೆ ನೂರಾ ಮೂವತ್ತು."

ಆಕೆ ಬಾಯಿಗೆ ಕೈ ಅಡ್ಡ ಇಟ್ಟಳು. ಆಮೇಲೆ ಒಂದು ನೋಟ್‌ಬುಕ್ ಕೊಟ್ಟು, "ಮಾತ್ರೆ ಬೇಡ ಸದ್ಯಕ್ಕೆ. ನಿಮಗೆ ಗೊತ್ತಿರೋ ಕೆಲಸಾನೇ ಮಾಡಿ. ಗಂಟೆಗೊಂದ್ಸಲ ನಿಮ್ಮ ರೀಡಿಂಗ್ ಬರೀರಿ. ಎದೆ, ಹೊಟ್ಟೆ, ಬಾಯಿ, ಕೈ. ಕೊನೇಲಿ ಮನಸ್ಸು. ಚೆನ್ನಾಗಿರೋದು ಬರೀಬೇಡಿ, ಇರೋದು ಬರೀರಿ" ಎಂದಳು.

ಮುಂದಿನ ವಾರ ನೋಟ್‌ಬುಕ್ ತೋರಿಸಿದೆ. ಅಂದವಾದ ಗೆರೆ, ಕಾಲಂ ತುಂಬ 'ಸರಿ, ಸರಿ, ಸರಿ.' ಆಕೆ ಪುಟವನ್ನು ಬೆಳಕಿಗೆ ಹಿಡಿದಳು. "ಇದೆಲ್ಲ ಸಂಜೆ ಒಂದೇ ಸಲ ಕೂತು ತುಂಬಿದ್ದು ಅಲ್ವಾ?" ನನ್ನ ಮುಖಕ್ಕೆ ರಕ್ತ ನುಗ್ಗಿತು. ಯಾವ ಆಪರೇಟರುಗಳನ್ನು ನಾನು ಜನ್ಮವಿಡೀ ಹೀಗಳೆದಿದ್ದೆನೋ ಅವರದೇ ಕೆಲಸ ಮಾಡಿದ್ದೆ, ಅದೂ ನನ್ನ ಮೈಯ ಲೆಕ್ಕದಲ್ಲಿ.

ಆಮೇಲೆ ನಿಜವಾಗಿ ಬರೆಯತೊಡಗಿದೆ. ದೂರಿನ ಮೇಜಿನಲ್ಲಿ ಗಂಟೆ ಹೊಡೆದಾಗ ಪೆನ್ನು ಕೆಳಗಿಟ್ಟು, ಪ್ಯಾನೆಲ್ ನೋಡುವ ಹಾಗೆ ನನ್ನನ್ನು ನೋಡಿಕೊಳ್ಳುವುದು. ಮೊದಲು ಏನೂ ಸಿಗುತ್ತಿರಲಿಲ್ಲ. ನಾಲ್ಕೈದು ದಿನಕ್ಕೆ ಚಿಕ್ಕ ಚಿಕ್ಕವು ಸಿಕ್ಕವು. ಹನ್ನೊಂದಕ್ಕೆ ಭುಜ ಬಿಗಿ. ಒಂದಕ್ಕೆ ಹೊಟ್ಟೆ ಹಗುರ. ಎರಡಕ್ಕೆ ಬಾಯಿ ಒಣಗಿದೆ, ನೀರು ಕುಡಿದರೂ ಒಣಗಿದೆ. ಮೂರಕ್ಕೆ ಬಲಗೈ ತಣ್ಣಗೆ, ಎಡಗೈ ಬೆಚ್ಚಗೆ. ಒಂದೇ ಮೈಯ ಎರಡು ಕೈಗೆ ಎರಡು ಬಿಸಿ ಹೇಗೆ ಎಂದು ಕೆನ್ನೆಗೆ ಒತ್ತಿ ನೋಡಿದೆ. ನಿಜವಾಗಿಯೂ ಬೇರೆ ಬೇರೆ ಇತ್ತು. ಆ ದಿನ ಮನಸ್ಸಿನ ಕಾಲಂಗೆ ಬಂದಾಗ ದುಃಖ ಎಂದು ಬರೆಯಲು ಹೋದೆ. ಕೈ ಬರೆದದ್ದು 'ಸಿಟ್ಟು.'

ಮೈ ಜುಂ ಎಂದಿತು. ಮತ್ತೆ ಅದೇ ಕೈ. ಆದರೆ ಈ ಸಲ ನಾನು ಎಚ್ಚರವಾಗಿದ್ದೆ, ಅದು ಬರೆಯುವುದನ್ನು ನೋಡುತ್ತಿದ್ದೆ. ಯಾರ ಮೇಲೆ ಸಿಟ್ಟು ಎಂದು ಕೇಳಿಕೊಂಡೆ. ಉತ್ತರ ಗೊತ್ತಿತ್ತು. ಮೊದಲ ದಿನದಿಂದ ಗೊತ್ತಿತ್ತು.

ಅವನು ಸಾಯುವ ಹಿಂದಿನ ದಿನ ಸ್ಟೇಷನ್ನಿಗೆ ಮೇಲಧಿಕಾರಿ ಬಂದಿದ್ದರು. ಟೀ ಕುಡಿಯುವಾಗ ಅವರ ಮುಂದೆಯೇ ಲೈನ್‌ಮನ್ ನಗುತ್ತ, "ನಮ್ಮಕ್ಕ ಗಂಟ್‌ಗೊಂದ್ ಸಲ ಮೀಟರ್ ಮಕ ನೋಡ್ತಾರೆ ಸಾ. ತಮ್ ಮಕ ಕನ್ನಡೀಲಿ ನೋಡ್ಕಂಡು ಎಷ್ಟ್ ವರ್ಸ ಆಯ್ತೋ ಕಾಣೆ" ಎಂದಿದ್ದ. ಎಲ್ಲರೂ ನಕ್ಕರು. ಅವನಿಗೆ ಕೆಡುಕಿರಲಿಲ್ಲ, ಬಾಯಿ ಹಾಗೇ. ನನಗೆ ಮಾತ್ರ ಮನೆಗೆ ಹೋದರೂ ಆ ನಗು ಬಿಡಲಿಲ್ಲ. ಮರುದಿನ ಎರಡು ಐವತ್ತಕ್ಕೆ ಅವನ ಫೋನ್ ಬಂತು. ಮೂರು ಹತ್ತಕ್ಕಲ್ಲ, ಎರಡು ಐವತ್ತಕ್ಕೆ.

"ಅಕ್ಕೋ, ಎಫ್ ನಾಕು ಕೊಡ್ತೀರಾ? ಮೋಡ ಆಯ್ತಾ ಅದೆ, ಬೇಗ ಮುಗಿಸ್ಬುಡ್ತೀವಿ."

ಮೂರಕ್ಕೆ ಫೀಡರುಗಳ ಪಾಳಿ ಬದಲಾವಣೆ ಇದೆ, ಆಮೇಲೆ ನೋಡೋಣ ಎಂದೆ. ಅದು ನೆವ. ಆಗಲೇ ಕೊಡಬಹುದಿತ್ತು. ಕಾಯಲಿ ಎಂದುಕೊಂಡೆ. ಟ್ರಾನ್ಸ್‌ಫಾರ್ಮರ್ ಸದ್ದು ತಗ್ಗಿದ ಮೇಲೂ ಹತ್ತು ನಿಮಿಷ ಸುಮ್ಮನೆ ಕುಳಿತಿದ್ದೆ. ಮನಸ್ಸಿಗೆ ತಂಪಾಗಿತ್ತು, ಅದನ್ನೂ ಬರೆಯಬೇಕು. ಎಲ್.ಸಿ. ರಿಜಿಸ್ಟರ್‌ನಲ್ಲಿ ಕೊಟ್ಟ ವೇಳೆಗೆ ಕಾಲಂ ಇದೆ, ವಾಪಸ್ ವೇಳೆಗೆ ಇದೆ, ಕೇಳಿದ ವೇಳೆಗೆ ಇಲ್ಲ. ವಿಚಾರಣೆಯವರು ಯಾರೂ ಕೇಳಲಿಲ್ಲ. ನಾನೂ ಯಾರಿಗೂ ಹೇಳಲಿಲ್ಲ, ನನಗೂ ಹೇಳಿಕೊಳ್ಳಲಿಲ್ಲ.

ಸಮಾಲೋಚಕಿಗೆ ಇದನ್ನು ಹೇಳಿ ಮೊದಲ ಸಲ ಅತ್ತೆ. ಆಕೆ ನಿಮ್ಮ ತಪ್ಪಿಲ್ಲ ಎನ್ನಲಿಲ್ಲ. ಅದಕ್ಕೆ ಆಕೆಯ ಮೇಲೆ ನನಗೆ ಗೌರವ. "ಈ ಮಾತು ಕೇಳಬೇಕಾದವರು ಇನ್ನೊಬ್ಬರು ಇದ್ದಾರಾ?" ಎಂದಷ್ಟೇ ಕೇಳಿದಳು.

ಜೊತೆಗಾರನನ್ನು ಬೇಗೂರಿನ ಬಸ್ ಸ್ಟಾಪಿನ ಟೀ ಅಂಗಡಿಗೆ ಕರೆದೆ. ಅವನು ಬಂದು ಎದುರಿಗೆ ಕುಳಿತ, ಕೈಯಲ್ಲಿ ಹೆಲ್ಮೆಟ್. ಹಳೆಯ ಸಿಟ್ಟನ್ನೂ ಇಪ್ಪತ್ತು ನಿಮಿಷವನ್ನೂ ಹೇಳಿದೆ. ಅವನದೇ ಜೀವ ಹಿಡಿಯ ಅರ್ಧ ತಿರುವಿನಲ್ಲಿ ಉಳಿದದ್ದನ್ನೂ ಹೇಳಿದೆ. ಅವನು ಟೀ ಮುಟ್ಟಲಿಲ್ಲ.

"ಅವತ್ತು ಅರ್ಜೆಂಟ್ ಮಾಡ್ದ ಅಕ್ಕಾ, ಸುಳ್ಳೇಳಕಿಲ್ಲ. ಮಳೆ ಬತ್ತದೆ ಅಂತ ಚೈನ್ ಗಾಡೀಲೇ ಬುಟ್ಟ."

"ನಾನು ಆಗಲೇ ಕೊಟ್ಟಿದ್ರೆ ಹಾಕ್ತಿದ್ನಾ?"

ಅವನು ರಸ್ತೆಯ ಕಡೆ ನೋಡಿದ. ಕೇರಳಕ್ಕೆ ಹೋಗುವ ತರಕಾರಿ ಲಾರಿಯೊಂದು ಹಾದುಹೋಯಿತು.

"ಒಂದೊಂದ್ ದಿನ ಹಾಕೋನು, ಒಂದೊಂದ್ ದಿನ ಹಾಕ್ತಿರ್‌ನಿಲ್ಲ. ಅವತ್ತು ಹಾಕ್ತಿದ್ನೋ ಏನೋ ನಂಗೂ ಗೊತ್ತಿಲ್ಲ ಕಣಕ್ಕಾ. ನೆನಸ್ಕಂಡ್ರೆ ನಿಮ್ಮೇಲೆ ಕ್ವಾಪ ಬತ್ತದೆ. ಚೈನ್ ಹಾಕು ಅಂತ ನಾನ್ಯಾಕ್ ಏಳ್ನಿಲ್ಲ ಅಂತ ನನ್ ಮೇಲೂ ಬತ್ತದೆ." ಎದ್ದು ನಿಂತ. "ನಿಮ್ ಟೀ ತಣ್ಣಗಾಯ್ತು, ಕುಡೀರಿ."

ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಆದರೆ ಆ ಮಧ್ಯಾಹ್ನ ಮೂರಕ್ಕೆ ನೋಟ್‌ಬುಕ್ ತೆಗೆದಾಗ ಎರಡು ಕೈಯೂ ಒಂದೇ ಬಿಸಿ ಇದ್ದವು. ಮನಸ್ಸಿನ ಕಾಲಂನಲ್ಲಿ ದುಃಖ ಎಂದು ಬರೆದೆ, ಕೈ ಒಪ್ಪಿತು.

ಮತ್ತೆ ಪ್ಯಾನೆಲ್ಲಿಗೆ ಹೋದಾಗ ಮೊದಲ ತಿಂಗಳು ಪಕ್ಕದಲ್ಲಿ ಇನ್ನೊಬ್ಬ ಆಪರೇಟರ್ ಇರಬೇಕು ಎಂಬ ಷರತ್ತು. ಬಂದವನು ನಾನು ಅನುಮಾನಪಟ್ಟಿದ್ದ ರಾತ್ರಿ ಪಾಳಿಯವನೇ. ಅವನಿಗೆ ಅರಿಸಿನದ ಕಥೆ ಹೇಳಿ ಕ್ಷಮೆ ಕೇಳಿದೆ. ಅವನು ಎರಡೂ ಅಂಗೈ ತೋರಿಸಿ, "ನೋಡ್ಕಳಿ ಮೇಡಂ, ಬೆಳ್ಳಗವೆ" ಎಂದ. ರಿಜಿಸ್ಟರ್‌ನಲ್ಲಿದ್ದ ಸುಳ್ಳು ನಲವತ್ತೇಳುಗಳ ಮೇಲೆ ಒಂದೊಂದು ಗೆರೆ ಎಳೆದು, ಪಕ್ಕದಲ್ಲಿ 'ಬರೆದವಳು ನಾನು' ಎಂದು ಸಹಿ ಹಾಕಿದೆ. ನಿಜವಾದ ನಲವತ್ತೇಳು ವಿಚಾರಣೆಯವರ ಬೀರುವಿನಲ್ಲಿದೆ. ಅದರ ವಾಪಸ್ ಕಾಲಂ ಖಾಲಿ. ಅದನ್ನು ತುಂಬುವ ಹಕ್ಕು ನನಗಿಲ್ಲ.

ಎರಡನೇ ವಾರ, ಮೂರು ಗಂಟೆಗೆ ಫೀಡರುಗಳ ಪಾಳಿ ಬದಲಾಯಿಸಿದೆ. ಟ್ರಾನ್ಸ್‌ಫಾರ್ಮರ್ ಸದ್ದು ತಗ್ಗಿತು. ಕತ್ತಿನ ಹಿಂದಿನ ಕೂದಲು ಎದ್ದು ನಿಂತವು. ಬಾಯಿ ಒಣಗಿತು. ಎಲ್ಲವೂ ಬಂತು, ನಾನು ಒಂದೊಂದನ್ನೂ ಬರೆದುಕೊಂಡೆ. ಎಫ್ ನಾಲ್ಕರ ಹಿಡಿಯ ಹತ್ತಿರ ಯಾರೋ ನಿಂತು ಕಾಯುತ್ತಿದ್ದಾರೆ ಅನ್ನಿಸಿತು. ಹಾಗನ್ನಿಸಿತು ಎಂದೂ ಬರೆದೆ. ಆಗ ಫೋನ್ ಹೊಡೆದುಕೊಂಡಿತು.

ಜೊತೆಗಾರ. "ಅಕ್ಕಾ, ಎಫ್ ನಾಕು ಬೇಕಿತ್ತು."

ಗಡಿಯಾರ ನೋಡಿದೆ. ಮೂರು ಎಂಟು. ಹಿಡಿ ತಿರುಗಿಸಿದೆ. ಬ್ರೇಕರ್ ಧಡ್ ಎಂದದ್ದು ಕಿವಿ ತುಂಬ ಕೇಳಿಸಿತು. ಟ್ರಾಲಿ ಎಳೆದೆ, ಬೋರ್ಡು ಹಾಕಿದೆ.

"ನಂಬರ್ ಮೂವತ್ತೊಂದು. ಚೈನು?"

"ಕೈಲೇ ಅದೆ."

"ಹಾಕಿ ಆಮೇಲೆ ಹತ್ತು."

ರಿಜಿಸ್ಟರ್‌ನ ಅಂಚಿನಲ್ಲಿ ಸ್ಕೇಲಿಟ್ಟು ಒಂದು ಗೆರೆ ಎಳೆದೆ. ಮೇಲೆ 'ಕೇಳಿದ ವೇಳೆ' ಎಂದು ಬರೆದೆ. ನಲವತ್ತು ನಿಮಿಷ ಆ ಹಿಡಿಯನ್ನೂ ನನ್ನ ಕೈಯನ್ನೂ ನೋಡುತ್ತ ಕುಳಿತೆ. ಎರಡೂ ಇದ್ದಲ್ಲೇ ಇದ್ದವು.

ಫೋನ್ ಬಂತು. "ಮೂವತ್ತೊಂದು ವಾಪಸ್ ಅಕ್ಕಾ. ಚೈನ್ ತಗದಾಯ್ತು. ಜನ ಎಲ್ಲ ಕೆಳಕ್ಕಿಳ್ದವ್ರೆ. ಲೈನ್ ಬುಡಿ." ಸ್ವಲ್ಪ ತಡೆದು ಕೇಳಿದ, "ಇವತ್ತು ಎಷ್ಟೊತ್ ಕಾಯ್ಸಿದ್ರಿ?"

ಅಂಚಿನ ಕಾಲಂ ನೋಡಿ ಹೇಳಿದೆ. "ನಾಲ್ಕು ನಿಮಿಷ. ಟ್ರಾಲಿ ಎಳೆಯೋಕೆ."

"ಬರ್ಕಂಡ್ರಾ?"

"ಬರ್ಕೊಂಡೆ."